ಹೆಬ್ಬೆರಳು ಕೂರುವ ಜಾಗ

ಮಂಗಳೂರು ಬಂದರಿನ ವಾಮನ ಪೈಗಳ ಹಳೇ ಸಾಮಾನಿನ ಅಂಗಡಿಯಲ್ಲಿ, ಹಿಂದೆ ನೌಕಾಧಿಕಾರಿಗಳು ಸೊಂಟಕ್ಕೆ ಕಟ್ಟುತ್ತಿದ್ದಂಥ ಎರಡು ಬಾಕುಗಳಿದ್ದವು. ಒಂದಕ್ಕೆ ಮೈತುಂಬ ತುಕ್ಕು. ಇನ್ನೊಂದು ಹೊಳೆಯುತ್ತಿತ್ತು.

"ನಾಳೆ ಮ್ಯೂಸಿಯಮ್ಮಿನವರು ಬರುತ್ತಾರೆ. ನಕಲಿ ಯಾವುದೋ ಅದು ಗುಜರಿಗಂತೆ," ಎಂದಿತು ತುಕ್ಕಿನ ಬಾಕು. "ನಿನ್ನ ಹೊಳಪು ನೋಡಿ ಅಯ್ಯೋ ಅನಿಸುತ್ತದೆ."

"ಏನು ಮಾಡಲಿ ಮಗಾ? ಪ್ರತಿ ಆಯುಧಪೂಜೆಗೂ ಹಿಂದೆ ನಾನಿದ್ದ ಮನೆಯವರು ಹುಣಸೆಹಣ್ಣು ಹಾಕಿ ತಿಕ್ಕುತ್ತಿದ್ದರು."

ಮರುದಿನ ಮ್ಯೂಸಿಯಮ್ಮಿನಿಂದ ಬಂದ ಫ್ಲೇವಿಯಾ ಬಾಯಿ ಎರಡನ್ನೂ ಹಿಡಿದು ನೋಡಿದರು.

"ಪೈಗಳೇ, ಹೊಳೆಯುವುದೇ ಹಳೆಯದು. ಹಿಡಿಯ ಮೇಲೆ ಹೆಬ್ಬೆರಳು ಕೂರುವಲ್ಲಿ ಲಂಗರಿನ ಚಿತ್ರ ಎಷ್ಟು ಸವೆದಿದೆ ನೋಡಿ. ಇನ್ನೊಂದರ ತುಕ್ಕು ಎಲ್ಲ ಕಡೆ ಒಂದೇ ಸಮ. ಆಸಿಡ್ಡಿನಲ್ಲಿ ಅದ್ದಿದ್ದಾರೆ, ಅಷ್ಟೆ. ಇದನ್ನು ಯಾರೂ ಬಳಸಿಯೇ ಇಲ್ಲ."

"ಅಜ್ಜಾ, ನನ್ನ ಕಥೆ ಮುಗಿಯಿತು," ಎಂದಿತು ನಕಲಿ.

"ಸುಮ್ಮನಿರು. ನಿನ್ನ ಅಲಗು ಚೆನ್ನಾಗಿದೆ."

ಅಷ್ಟರಲ್ಲಿ ಒಬ್ಬ ಗಿರಾಕಿಗೆ ಪೊಟ್ಟಣ ಕಟ್ಟಿದ ಪೈಗಳು ಹುರಿ ಕತ್ತರಿಸಲು ಕೈಗೆ ಸಿಕ್ಕ ಹಳೆಯ ಬಾಕುವನ್ನೇ ಒರೆಯಿಂದ ಎಳೆದರು. ಅದು ಒರೆಯನ್ನು ಬಿಗಿಯಾಗಿ ಹಿಡಿದುಕೊಂಡಿತು, ಹೊರಗೆ ಬರಲೇ ಇಲ್ಲ. ಬೇರೆ ದಾರಿಯಿಲ್ಲದೆ ನಕಲಿಯನ್ನು ಎತ್ತಿಕೊಂಡರು. ಹುರಿ ಒಂದೇ ಏಟಿಗೆ ತುಂಡಾಯಿತು.

"ಪರವಾಗಿಲ್ಲ ಮಾರಾಯ!" ಎಂದು ಪೈಗಳು ಅದನ್ನು ಮೇಜಿನ ಪಕ್ಕದ ಮೊಳೆಗೆ ತೂಗುಹಾಕಿದರು.

ಆಯುಧಪೂಜೆಗೆ ಅದಕ್ಕೂ ಹುಣಸೆಹಣ್ಣು ಬಿತ್ತು. ತುಕ್ಕೆಲ್ಲ ಹೋಗಿ ಅದು ನಿನ್ನೆ ಮೊನ್ನೆ ಮಾಡಿದಂತೆ ಕಂಡಿತು. ಆದರೆ ಹಿಡಿಯ ಮೇಲೆ, ಪೈಗಳ ಹೆಬ್ಬೆರಳು ಕೂರುವಲ್ಲಿ, ಲಂಗರಿನ ಒಂದು ತುದಿ ಆಗಲೇ ಸವೆಯತೊಡಗಿತ್ತು.