ಹನಿ ಉಳಿಸಲು ಹೋದ ಕೆಂಚಿ

ಕುರುಚಲು ಕಾಡಿನ ಅಂಚಿನಲ್ಲಿ ಒಂದು ಕೆರೆಯಿತ್ತು. ಬೇಸಗೆ ಬಂತೆಂದರೆ ಅದರ ನೀರು ನಡುಮಧ್ಯಕ್ಕೆ ಸರಿದು, ಸುತ್ತಲೂ ಬರೀ ಕಲ್ಲುಹರಳಿನ ಬಯಲು ಉಳಿಯುತ್ತಿತ್ತು. ಆ ಬಯಲೇ ಟಿಟ್ಟಿಭ ಹಕ್ಕಿಗಳ ಕೇರಿ. ಟಿಟ್ಟಿಭಗಳು ಮರದ ಮೇಲೆ ಗೂಡು ಕಟ್ಟುವುದಿಲ್ಲ, ಮಕ್ಕಳೇ. ನೆಲದಲ್ಲಿ ನಾಲ್ಕು ಕಲ್ಲು ಸರಿಸಿ, ಒಂದು ಗುಳಿ ಮಾಡಿ, ಅಲ್ಲೇ ಮೊಟ್ಟೆ ಇಡುತ್ತವೆ. ಮನೆಗೆ ಸೂರೂ ಇಲ್ಲ, ಬಾಗಿಲೂ ಇಲ್ಲ.

ಕೆಂಚಿ ಎಂಬ ಟಿಟ್ಟಿಭ ಆ ವರ್ಷ ಮೊದಲ ಸಲ ತಾಯಿಯಾಗುವವಳಿದ್ದಳು. ಗುಳಿಯಲ್ಲಿ ಮೂರು ಮೊಟ್ಟೆ. ಕೆಂಚಿ ಒಳ್ಳೆಯವಳೇ, ಆದರೆ ಮಹಾ ಜಿಪುಣಿ! ಹುಳ ಸಿಕ್ಕರೆ ಅರ್ಧ ತಿಂದು ಇನ್ನರ್ಧವನ್ನು ಕಲ್ಲಿನಡಿ ಬಚ್ಚಿಡುವಳು. ಅದನ್ನು ಇರುವೆಗಳು ಹೊತ್ತುಕೊಂಡು ಹೋಗುತ್ತಿದ್ದವು. ಅಷ್ಟಾದರೂ ಬುದ್ಧಿ ಬರಬೇಡವೇ? ಬರಲಿಲ್ಲ.

ಒಂದು ದಿನ ಬಿಸಿಲು ನೆತ್ತಿ ಸುಡುತ್ತಿತ್ತು. ಕೆಂಚಿ ಮೊಟ್ಟೆಗಳ ಮೇಲೆ ರೆಕ್ಕೆ ಅಗಲಿಸಿ ನಿಂತಿದ್ದಳು. ಆಗ ಪಕ್ಕದ ಗುಳಿಯ ಸಂಕಜ್ಜಿ ಕೆರೆಯಿಂದ ಬಂದಳು. ಎಷ್ಟೋ ಮರಿಗಳನ್ನು ಹಾರಿಸಿದ ಹಳೆಯ ಹಕ್ಕಿ ಅವಳು. ಎದೆ, ಹೊಟ್ಟೆಯೆಲ್ಲ ತೊಯ್ದು ತೊಪ್ಪೆ. ನೀರು ತೊಟ್ಟಿಕ್ಕುತ್ತಿರುವ ಹಾಗೆಯೇ ಹೋಗಿ ತನ್ನ ಮೊಟ್ಟೆಗಳ ಮೇಲೆ ಕೂತುಬಿಟ್ಟಳು!

ಕೆಂಚಿ ಬೆಚ್ಚಿಬಿದ್ದಳು. "ಅಯ್ಯಯ್ಯೋ ಅಜ್ಜೀ! ಏನು ಮಾಡ್ತಿದ್ದೀಯಾ? ಒದ್ದೆ ಮೈಯಲ್ಲಿ ಮೊಟ್ಟೆ ಮೇಲೆ ಕೂರ್ತಾರಾ? ಒಳಗಿರೋ ಮರಿಗೆ ಶೀತ ಆಗಲ್ವಾ?"

"ಈ ಬಿಸಿಲಲ್ಲಿ ಶೀತವೇ? ಆ ಕಲ್ಲಿಗೆ ಸ್ವಲ್ಪ ಕೊಕ್ಕು ತಾಗಿಸಿ ನೋಡೇ."

ಕೆಂಚಿ ತಾಗಿಸಿದಳು. "ಹಾ!" ಎಂದು ಹಿಂದಕ್ಕೆ ಜಿಗಿದಳು. ಕಲ್ಲು ಕಾದ ಹೆಂಚಾಗಿತ್ತು. ಅಂಥ ಕಲ್ಲುಗಳ ನಡುವೆ ತನ್ನ ಮೊಟ್ಟೆಗಳು!

"ನೋಡಿದೆಯಾ?" ಎಂದಳು ಸಂಕಜ್ಜಿ. "ಮೊಟ್ಟೆಗೆ ನಮ್ಮ ಮೈಯಷ್ಟು ಬೆಚ್ಚಗಿದ್ದರೆ ಸಾಕು. ಅದಕ್ಕಿಂತ ಹೆಚ್ಚು ಬಿಸಿ ಏರಿದರೆ ಮರಿ ಉಳಿಯಲ್ಲ. ನಿನ್ನ ಗಂಡನನ್ನೂ ಕರಕೋ. ಒಬ್ಬರಾದ ಮೇಲೆ ಒಬ್ಬರು ಹೊಟ್ಟೆ ನೆನೆಸಿಕೊಂಡು ಬನ್ನಿ, ಮೊಟ್ಟೆ ಒದ್ದೆ ಮಾಡಿ. ಒಣಗಿದ ಕೂಡಲೇ ಮತ್ತೆ ಹೋಗಿ."

"ಒಣಗಿಹೋಗುತ್ತಾ? ಅಷ್ಟು ದೂರದಿಂದ ಹೊತ್ತು ತಂದ ನೀರೆಲ್ಲ ಗಾಳಿಪಾಲಾ?"

"ಒಣಗಲಿ ಅಂತಲೇ ತರೋದು ಕಣೇ!" ಎಂದಳು ಅಜ್ಜಿ. ಆ ಮಾತು ಕೆಂಚಿಯ ತಲೆಗೆ ಹೋಗಲೇ ಇಲ್ಲ. ಗಾಳಿಪಾಲು ಎಂಬುದೊಂದೇ ಅವಳ ಕಿವಿಯಲ್ಲಿ ಗುಂಯ್ಗುಡುತ್ತಿತ್ತು.

ಅವಳೂ ಗಂಡ ಬೋರನೂ ನೀರು ಹೊರತೊಡಗಿದರು. ಮೊಟ್ಟೆಗಳು ತಂಪಾದವು. ಆದರೆ ಕೆಂಚಿಗೆ ಸಮಾಧಾನವಿಲ್ಲ. ತಂದ ನೀರು ಕಣ್ಣೆದುರೇ ಮಾಯವಾಗುತ್ತಿತ್ತಲ್ಲ! "ಎಂಥ ದಂಡ! ಎಂಥ ದಂಡ!" ಎಂದು ಹೊಟ್ಟೆ ಉರಿದುಕೊಂಡಳು.

ಮರುದಿನ ಗಾಳಿಗೆ ಒಂದು ಪ್ಲಾಸ್ಟಿಕ್ ಹಾಳೆ ಹಾರಿಬಂದು ಬಯಲಿನಲ್ಲಿ ಬಿತ್ತು. ಯಾರೋ ತಿಂಡಿ ತಿಂದು ಎಸೆದದ್ದು. ಗಾಜಿನ ಹಾಗೆ ಆಚೆಯದೆಲ್ಲ ಕಾಣುತ್ತಿತ್ತು. ಕೆಂಚಿಯ ಕಣ್ಣು ಅರಳಿತು.

"ಬೋರಾ, ಬೇಗ ಬಾ! ಮೊಟ್ಟೆಗೆ ಚೆನ್ನಾಗಿ ನೀರು ಹಾಕಿ ಮೇಲೆ ಇದನ್ನು ಮುಚ್ಚೋಣ. ನೀರು ಅದು ಹೇಗೆ ಓಡಿಹೋಗುತ್ತೋ ನೋಡೇಬಿಡ್ತೀನಿ. ಒಂದು ಸಲ ತಂದರೆ ಇಡೀ ದಿನಕ್ಕೆ ಸಾಕು!"

ಬೋರ ಕತ್ತು ಓರೆ ಮಾಡಿದ. "ಸಂಕಜ್ಜಿ ಹೀಗೆ ಮಾಡಲ್ಲವಲ್ಲೇ?"

"ಸಂಕಜ್ಜಿಗೆ ಹಾಳೆ ಸಿಕ್ಕಿರಲಿಲ್ಲ, ಅಷ್ಟೇ! ನೀನು ಆ ತುದಿ ಎಳಿ."

ಎಳೆದರು, ಮುಚ್ಚಿದರು. ಸುತ್ತಲೂ ಹರಳು ಹೇರಿ ಒಂದಿಷ್ಟೂ ಸಂದಿಲ್ಲದಂತೆ ಬಿಗಿದರು. ಸ್ವಲ್ಪ ಹೊತ್ತಿಗೆ ಹಾಳೆಯ ಒಳಮೈಯಲ್ಲಿ ಸಣ್ಣ ಸಣ್ಣ ಹನಿಗಳು ಮೂಡಿದವು. ಕೆಂಚಿ ಕುಣಿದಾಡಿಬಿಟ್ಟಳು.

"ನೋಡ್ರೋ, ಎಲ್ಲರೂ ಬಂದು ನೋಡ್ರೋ! ಒಂದೇ ಒಂದು ಹನಿ ಹೊರಗೆ ಹೋಗಿಲ್ಲ! ಎಲ್ಲ ಇಲ್ಲೇ ಇದೆ!"

ಕೇರಿಯವರು ಬಂದು ನೋಡಿ ಮೂಗಿನ ಮೇಲೆ ಬೆರಳಿಟ್ಟರು. ಟಿಟ್ಟಿಭಕ್ಕೆಲ್ಲಿಯ ಬೆರಳು ಎಂದು ನಗಬೇಡಿ, ಅಷ್ಟು ಆಶ್ಚರ್ಯಪಟ್ಟರು ಅಂತ ಅರ್ಥ. ಕೆಂಚಿ ಬೀಗುತ್ತಾ ಹೋಗಿ ಬೋರನ ಜೊತೆ ಜಾಲಿಯ ನೆರಳಲ್ಲಿ ಕೂತಳು. ಎಷ್ಟೋ ದಿನದ ಮೇಲೆ ಸಿಕ್ಕ ವಿಶ್ರಾಂತಿ. ತಂಗಾಳಿಗೆ ಇಬ್ಬರಿಗೂ ಜೊಂಪು ಹತ್ತಿತು.

"ಟಿಟಿರ್ರೀ! ಟಿಟಿರ್ರೀ! ಯಾರೇ ಇದನ್ನು ಮುಚ್ಚಿದ್ದು? ಎಲ್ಲಿ ಸತ್ತಿದ್ದೀರಿ? ತೆಗೀರೇ!"

ಸಂಕಜ್ಜಿಯ ಕೂಗಿಗೆ ಇಡೀ ಬಯಲೇ ಎದ್ದು ಕೂತಿತು. ಕೆಂಚಿ ಓಡಿಬಂದಳು. ಅಜ್ಜಿ ಕಾಲಲ್ಲಿ ಹರಳುಗಳನ್ನು ಒದೆಯುತ್ತಿದ್ದಳು. ಬೋರ ಹಾಳೆಯ ತುದಿ ಕಚ್ಚಿ ಕಿತ್ತೆಸೆದ.

ಭಗ್ಗನೆ ಬಿಸಿ ಹಬೆ ಕೆಂಚಿಯ ಮುಖಕ್ಕೆ ರಾಚಿತು. ಅನ್ನದ ಪಾತ್ರೆಯ ಮುಚ್ಚಳ ತೆಗೆದ ಹಾಗೆ! ಅವಳು ದಿಕ್ಕುತೋಚದೆ ಮೊಟ್ಟೆಯೊಂದಕ್ಕೆ ಎದೆ ಒತ್ತಿದಳು. ಒತ್ತಿದವಳೇ ಚೀರಿದಳು. ಮೊಟ್ಟೆ ಅವಳ ಮೈಗಿಂತ ಬಿಸಿಯಾಗಿತ್ತು! ಮೇಲೆ ನೀರು ಹಾಗೇ ಇದೆ, ತೊಟ್ಟೂ ಒಣಗಿಲ್ಲ. ಆದರೂ ಬಿಸಿ!

"ಒದ್ದೆ ಇದೆಯಲ್ಲಾ ಅಜ್ಜೀ! ನೀರು ಹೋಗಿಲ್ಲವಲ್ಲಾ! ಮತ್ತೆ ಇದು ಹೇಗೆ? ಹೇಗೆ?"

"ಬಾಯಿ ಮುಚ್ಚಿ ನೆರಳು ಹಿಡಿ! ಬೋರಾ, ಕೆರೆಗೆ ಓಡು!"

ಆಮೇಲೆ ನೋಡಬೇಕಿತ್ತು ಆ ಕೇರಿಯನ್ನು! ಸಂಕಜ್ಜಿ, ಬೋರ, ಅಕ್ಕಪಕ್ಕದವರು ಎಲ್ಲರೂ ಹೊಟ್ಟೆ ನೆನೆಸಿಕೊಂಡು ಬಂದರು, ಮೊಟ್ಟೆಗಳಿಗೆ ಒತ್ತಿದರು, ಮತ್ತೆ ಹಾರಿದರು. ಕೆಂಚಿ ರೆಕ್ಕೆ ಹರಡಿ ಮೊಟ್ಟೆಗಳಿಗೆ ನೆರಳು ಹಿಡಿದು ನಿಂತಳು.

ಹೊತ್ತು ಇಳಿದ ಮೇಲೆ ಸಂಕಜ್ಜಿ ಏದುಸಿರು ಬಿಡುತ್ತಾ ಕೂತಳು. "ಕೇಳು ಮಗಳೇ. ನೀರು ಆವಿಯಾಗಿ ಹೊರಡುವಾಗ ಬರಿಗೈಯಲ್ಲಿ ಹೋಗಲ್ಲ. ಮೊಟ್ಟೆಯ ಬಿಸಿಯನ್ನು ಹೊತ್ತುಕೊಂಡು ಹೋಗುತ್ತೆ. ಅದು ಹೋದರೇನೇ ತಂಪು. ನೀನು ಅದನ್ನು ಹೋಗೋಕೆ ಬಿಡಲಿಲ್ಲ. ನೀರೂ ಒಳಗೇ ಉಳೀತು, ಬಿಸಿಯೂ ಒಳಗೇ ಉಳೀತು. ಸಾಲದು ಅಂತ ಹಾಳೆಯೊಳಗೆ ಬಿಸಿಲು ಬೇರೆ ಸುರೀತು."

"ಮತ್ತೆ ಆ ಹನಿಗಳು? ನಾನು ಉಳಿಸಿದ ಹನಿಗಳು?"

"ಬಿಸಿ ಹೊತ್ತು ಹೊರಟ ಆವಿ ದಾರಿ ಇಲ್ಲದೆ ಹಾಳೆಗೆ ಬಡಿದು ಮತ್ತೆ ನೀರಾಯ್ತು. ಹೊತ್ತ ಬಿಸಿಯನ್ನು ಅಲ್ಲೇ ಇಳಿಸ್ತು."

"ಮೊಟ್ಟೆ ಸರಿಹೋಗುತ್ತಾ ಅಜ್ಜೀ?"

ಸಂಕಜ್ಜಿ ಬೇರೆ ಕಡೆ ಮುಖ ತಿರುಗಿಸಿದಳು. "ನೀರು ಆವಿಯಾಗುತ್ತೆ, ಆವಿ ಮತ್ತೆ ನೀರಾಗುತ್ತೆ. ಬೆಂದ ಮೊಟ್ಟೆ ಮಾತ್ರ ಮತ್ತೆ ಹಸಿಯಾಗಲ್ಲ ಕಣೇ. ಎಷ್ಟು ಬೆಂದಿದೆಯೋ, ಕಾದು ನೋಡಬೇಕು."

ಅಂದಿನಿಂದ ಕೆಂಚಿ ಕೆರೆಗೆ ಹೋದಳು, ಬಂದಳು, ಹೋದಳು, ಬಂದಳು. ದಂಡ ಎಂಬ ಮಾತು ಅವಳ ಬಾಯಿಂದ ಮತ್ತೆ ಬರಲಿಲ್ಲ.

ಕೊನೆಗೊಂದು ಬೆಳಗ್ಗೆ ಒಂದು ಮೊಟ್ಟೆ ಟಕ್ಕೆಂದು ಬಿರುಕು ಬಿಟ್ಟಿತು. ಆಮೇಲೆ ಇನ್ನೊಂದು. ಹತ್ತಿಯ ಉಂಡೆಯಂಥ ಎರಡು ಮರಿಗಳು ಹೊರಬಂದು, ಮೈ ಒಣಗಿದ ಕೂಡಲೇ ತಟಪಟ ಓಡಾಡತೊಡಗಿದವು. ಬೋರ ಅವುಗಳನ್ನು ನೀರಿನ ಕಡೆ ಕರೆದ.

ಮೂರನೆಯ ಮೊಟ್ಟೆ ಗುಳಿಯಲ್ಲಿ ಸುಮ್ಮನೆ ಬಿದ್ದಿತ್ತು. ಕೆಂಚಿ ಅದಕ್ಕೆ ಕಿವಿಗೊಟ್ಟಳು. ಕೊಕ್ಕಿನಿಂದ ಮೆಲ್ಲಗೆ ತಟ್ಟಿ, ಮತ್ತೆ ಕಿವಿಗೊಟ್ಟಳು. ಏನೂ ಕೇಳಿಸಲಿಲ್ಲ. ಒಳಗಿನಿಂದ ಯಾರೂ ಓಗೊಡಲಿಲ್ಲ.

"ಬಾರೇ ಕೆಂಚೀ, ಮರಿಗಳು ಕಾಯ್ತಿವೆ," ಎಂದ ಬೋರ.

"ನೀವು ನಡೀರಿ," ಎಂದಳು ಕೆಂಚಿ. "ಇದಕ್ಕೆ ಇನ್ನೊಂದು ಸಲ ನೀರು ತಂದು ಬರ್ತೀನಿ."

ನೀತಿ: ಹೋಗಬೇಕಾದದ್ದನ್ನು ಹೋಗಲು ಬಿಡಬೇಕು, ಎಲ್ಲವನ್ನೂ ಹಿಡಿದಿಡಲು ಹೊರಟವರು ಉಳಿಸಿಕೊಳ್ಳಬೇಕಾದದ್ದನ್ನೇ ಕಳೆದುಕೊಳ್ಳುತ್ತಾರೆ.