ಜಿಂಕೆಗೆ ಜೀನು

‘ಜಿಂಕೆ ತೋರಿಸಿ ಕುದುರೆ ಎನ್ನುವುದು’ ಅಂತ ಚೀನಾದಲ್ಲೊಂದು ನಾಣ್ಣುಡಿ. ಅಧಿಕಾರದ ಬಲದಿಂದ ಸುಳ್ಳನ್ನು ನಿಜವೆಂದು ಒಪ್ಪಿಸುವವರನ್ನು ಕಂಡರೆ ಹಾಗೆನ್ನುತ್ತಾರೆ. ಹಿಂದೊಬ್ಬ ಮಂತ್ರಿ ರಾಜಸಭೆಗೆ ಜಿಂಕೆ ತಂದು ಕುದುರೆ ಎಂದನಂತೆ. ಅಲ್ಲ ಎಂದವರು ಉಳಿಯಲಿಲ್ಲವಂತೆ.

ಈ ಕಥೆ ಕೇಳಿದ ಒಬ್ಬ ಸೀಮೆಯ ಅಧಿಕಾರಿಗೂ ತನ್ನ ಆಳುಗಳ ನಿಷ್ಠೆ ಪರೀಕ್ಷಿಸುವ ಚಪಲ ಹತ್ತಿತು. ಅಂಗಳಕ್ಕೆ ಜಿಂಕೆ ತರಿಸಿ, “ನನ್ನ ಹೊಸ ಕುದುರೆ ಹೇಗಿದೆ?” ಎಂದ. ಮುದುಕ ಕರಣಿಕ ಲಿಯಾಂಗ್ “ಇದು ಜಿಂಕೆಯಲ್ಲವೇ ಒಡೆಯಾ?” ಎಂದದ್ದೇ ತಡ, ಭಟರು ಅವನನ್ನು ಸೆರೆಮನೆಗೆ ಎಳೆದೊಯ್ದರು.

ಮುಂದಿನ ಸರದಿ ಲಾಯದ ಆಳು ಷೆನ್‌ನದು. ಅವನು ಮನಸ್ಸಿನಲ್ಲೇ ಲೆಕ್ಕ ಹಾಕಿದ. ಜಿಂಕೆ ಎಂದರೆ ಇವತ್ತೇ ಸೆರೆಮನೆ. ಕುದುರೆ ಎಂದರೆ ನಾಳೆ ಇನ್ನೇನೇನು ಅನ್ನಿಸುತ್ತಾನೋ!

ಷೆನ್ ನೆಲಕ್ಕೆ ಹಣೆ ಹಚ್ಚಿದ. “ಕುದುರೆಯೇ ಒಡೆಯಾ. ನಾಳೆ ಚಕ್ರವರ್ತಿಗಳು ಈ ದಾರಿಯಲ್ಲಿ ಬರುತ್ತಾರಲ್ಲ, ಅವರಿಗೊಂದು ಒಳ್ಳೆಯ ಕುದುರೆ ಬೇಕೆಂದು ಅಪ್ಪಣೆಯಾಗಿದೆ. ಇದಕ್ಕೇ ಜೀನು ಬಿಗಿದು, ತಾವು ಕೊಟ್ಟದ್ದೆಂದು ಒಪ್ಪಿಸಿಬಿಡಲೇ?”

ಅಧಿಕಾರಿಯ ಮುಖ ಬಿಳಿಚಿಕೊಂಡಿತು. “ಬೇಡ, ಬೇಡ! ನನ್ನ ತಲೆ ತೆಗೆಸುತ್ತೀಯೇನೋ? ಅದು ಜಿಂಕೆ ಕಣೋ!” ಎಂದು ಚೀರಿದ.



ಷೆನ್ ಹಣೆ ಎತ್ತದೆಯೇ ಹೇಳಿದ: “ತಾವು ಅಂದ ಮೇಲೆ ಜಿಂಕೆಯೇ ಒಡೆಯಾ. ತಮ್ಮ ಬಾಯಿಂದ ಬರುವ ಮೊದಲೇ ತಮ್ಮ ಮಾತನ್ನು ಆಡಿದ ಆ ಮುದುಕನಿಗಿಂತ ನಿಷ್ಠಾವಂತರು ಇನ್ನಾರಿದ್ದಾರೆ?”

ಸಂಜೆಗೆ ಲಿಯಾಂಗ್ ಮನೆ ಸೇರಿದ. ಅವನನ್ನು ಬಿಡಿಸಿದ ಷೆನ್‌ಗೆ ಮಾತ್ರ ಆ ಹೆದರಿಕೆಯಲ್ಲಿ ಮೂರು ದಿನ ಅನ್ನ ಸೇರಲಿಲ್ಲ.