ಬುಟ್ಟಿಗೆ ಸಿಕ್ಕದ ಜೋಗುಳ

ಹೂಂ ಅನ್ನುವವರು ಹೂಂ ಅನ್ನಿ, ತೂಕಡಿಸುವವರು ತೂಕಡಿಸಿ. ಈ ಕತೆಗೆ ಎರಡೂ ನಡೆಯುತ್ತದೆ.

ಒಂದೂರಲ್ಲಿ ಫಕೀರವ್ವ ಅಂತ ಒಬ್ಬ ತಾಯಿ. ಅವಳಿಗೆ ಅಡಿವೆಪ್ಪ ಅಂತ ಒಬ್ಬ ಮಗ, ಮೀಸೆ ಬಂದರೂ ಬುದ್ಧಿ ಬಾರದವನು. ಆ ಊರಲ್ಲಿ ಕೂಸನ್ನು ತೊಟ್ಟಿಲಿಗೆ ಹಾಕಬೇಕಾದರೆ ಅದಕ್ಕೇ ಅಂತ ಹೊಸ ಜೋಗುಳ ಕಟ್ಟಬೇಕು. ಹಳೇ ಹಾಡು ಹಾಡಿದರೆ ಕೂಸಿಗೆ ಬೇರೆಯವರ ಕನಸು ಬೀಳುತ್ತದಂತೆ! ಊರ ಕೂಸುಗಳಿಗೆಲ್ಲ ಹಾಡು ಕಟ್ಟಿದವಳು ಫಕೀರವ್ವನೇ. ಈಗ ಅವಳ ಮಗಳು ಕಲ್ಲವ್ವ ಹಡೆದಿದ್ದಾಳೆ. ಮೊದಲ ಮೊಮ್ಮಗಳು! ಯಾವ ಕೂಸಿಗೂ ಇಲ್ಲದಂಥ ಹಾಡು ಕಟ್ಟುತ್ತೇನೆ ಅಂತ ಕೂತಳು ನೋಡಿ, ನುಡಿ ಸಲೀಸಾಗಿ ಹುಟ್ಟಲಿಲ್ಲ. ಹುಟ್ಟಿದ್ದು ರುಚಿಸಲಿಲ್ಲ. ಅನ್ನವೂ ಸೇರಲಿಲ್ಲ.

"ನನ್ನ ಬಾಯಿ ಬತ್ತಿ ಹೋತು! ನನ್ನ ಮೊಮ್ಮಗಳಿಗೆ ನಾನೇ ಹಾಡದಿದ್ರ ಹ್ಯಾಂಗ? ಏ ಅಡಿವ್ಯಾ, ಸುಮ್ನ ಕುಂತೀಯಲ್ಲ, ಎಲ್ಲಿಂದರ ಒಂದು ಹಾಡು ತಗೊಂಬಾ ಹೋಗು!"

ಅಡಿವೆಪ್ಪ ಕೋಳಿ ಮುಚ್ಚುವ ಬುಟ್ಟಿ ಎತ್ತಿಕೊಂಡು ಹೊರಟ. ನೆರೆಮನೆಯಲ್ಲಿ ಅತ್ತೆ ಸೊಸೆ ಜೋಳ ಬೀಸುತ್ತಾ ಹಾಡುತ್ತಿದ್ದರು. ಅವರ ಬಾಯಿಗೆ ಬುಟ್ಟಿ ಹಿಡಿದ, ಗಪ್ಪನೆ ಎದೆಗೆ ಅವಚಿಕೊಂಡ, ಓಡಿ ಬಂದ. ತಾಯಿ ಎತ್ತಿ ನೋಡಿದರೆ ಒಳಗೆ ಒಂದು ಕೋಳಿಪುಕ್ಕ.

"ಅಯ್ಯ ನನ್ನ ಹಣೇಬರಾ! ಹಾಡು ಬುಟ್ಟ್ಯಾಗ ಬರ್ತೈತೇನೋ? ಕಿವೀಲೆ ಕೇಳಿ, ಬಾಯಾಗ ಇಟ್ಕೊಂಡು, ತುಟಿ ಬಿಚ್ಚದಾಂಗ ಬರಬೇಕು!"

"ಹೂಂ ಯವ್ವಾ, ಹಂಗ ಮಾಡ್ತೀನಿ."

ಬಾವಿಗೆ ಹೋದ. ರಾಟೆ ಕುಂಯ್ಯೋ ಕುಂಯ್ಯೋ ಅನ್ನುತ್ತಿತ್ತು. ಕಿವಿಯಿಂದ ಕೇಳಿದ, ಬಾಯಲ್ಲಿ ಇಟ್ಟುಕೊಂಡ, ತುಟಿ ಬಿಗಿದ. ಮನೆ ಮುಂದೆ ಬಂದರೆ ಎಮ್ಮೆಯೊಂದು ಒಣಹಾಕಿದ ಶಾವಿಗೆಗೆ ಬಾಯಿ ಹಾಕಿದೆ. ಕೂಗಿದರೆ ಹಾಡು ಬಿದ್ದು ಹೋದೀತಲ್ಲ! ಎಮ್ಮೆ ಅರೆಗಣ್ಣು ಮುಚ್ಚಿಕೊಂಡು ಮೇಯಿತು. ಇವನೂ ಅರೆಗಣ್ಣು ಮುಚ್ಚಿಕೊಂಡು ನಿಂತ. ಶಾವಿಗೆ ಮುಗಿಯಿತು.

"ಮಂಗ್ಯಾ! ಬಾಯಿ ಹಾಕಿದ್ದು ಕಂಡ್ರ ಹೋ ಅಂತ ಚೀರಬೇಕು, ಬಡಿಗಿ ಬೀಸಬೇಕು!"

"ಹೂಂ ಯವ್ವಾ, ಹಂಗ ಮಾಡ್ತೀನಿ."

ಒಳಗೆ ಹೋದ. ಕೂಸು ಕಲ್ಲವ್ವನ ಮಡಿಲಲ್ಲಿ ಹಾಲು ಕುಡಿಯುತ್ತಿತ್ತು. ಬಾಯಿ ಹಾಕಿದ್ದು ಕಂಡನಲ್ಲ! "ಹೋ! ಹೋ!" ಅಂತ ಬಡಿಗೆ ಬೀಸಿದ. ಕೂಸು ಕಿಟಾರನೆ ಕಿರುಚಿತು, ಕಲ್ಲವ್ವ ಅದಕ್ಕಿಂತ ಜೋರಾಗಿ ಕಿರುಚಿದಳು.

"ಕೂಸು ಬೆಚ್ಚಿತಲ್ಲೋ! ತುದಿಗಾಲಲ್ಲಿ ಬರಬೇಕು, ಹತ್ರ ಬಗ್ಗಿ, ಮೆಲ್ಲಗ 'ಮಲಗವ್ವ ಮಲಗ' ಅನಬೇಕು!"

"ಹೂಂ ಯವ್ವಾ, ಹಂಗ ಮಾಡ್ತೀನಿ."

ತೊಟ್ಟಿಲಿಗೆ ಹಾಕುವ ದಿನ ಬಂತು. ಮಧ್ಯಾಹ್ನದ ಬಿಸಿಲು. ಪಡಸಾಲೆ ತುಂಬ ಹೆಂಗಸರು. ಫಕೀರವ್ವ ತೊಟ್ಟಿಲ ಹಗ್ಗ ಹಿಡಿದು ಕೂತಳು. ಎಲ್ಲರೂ ಅವಳ ಬಾಯನ್ನೇ ನೋಡುತ್ತಿದ್ದಾರೆ, ಬಾಯಿ ಬಿಡಲೊಲ್ಲದು. ಕಣ್ಣಲ್ಲಿ ನೀರು ತುಂಬಿತು. ಈ ಕೂಸು ಯಾರದೋ ಕನಸು ಕಾಣುತ್ತಾ ಬೆಳೆಯಬೇಕೇ ಅಂತ ಮರುಗಿದಳು.

ಅಷ್ಟರಲ್ಲಿ ಅಂಗಳದಿಂದ ಪಿಸುಮಾತು. ಅಡಿವೆಪ್ಪ ತುದಿಗಾಲಲ್ಲಿ ತಿರುಗುತ್ತಿದ್ದ. ಎಮ್ಮೆಯ ಹತ್ತಿರ ಬಗ್ಗಿ, "ಶಾವಿಗಿ ತಿಂದು ದಣದಿ, ಮಲಗವ್ವ ಮಲಗ" ಅಂದ. ಬೀಸುವ ಕಲ್ಲಿಗೆ, "ಜ್ವಾಳ ಬೀಸಿ ದಣದಿ, ಮಲಗವ್ವ ಮಲಗ" ಅಂದ. ಕೊನೆಗೆ ಬುಟ್ಟಿಯ ಹತ್ತಿರ ಬಗ್ಗಿದ.

"ಹಾಡು ಸಿಗಲಿಲ್ಲಂತ ಅಳಬ್ಯಾಡ, ಮಲಗವ್ವ ಮಲಗ."

ಫಕೀರವ್ವನಿಗೆ ನಗು ಬಂತು. ನಗುವಿನ ಹಿಂದೆಯೇ ನುಡಿಯೂ ಬಂತು. ಚೆಂದ ಇದೆಯೋ ಇಲ್ಲವೋ ನೋಡಲು ಅವಳಿಗೆ ಪುರುಸೊತ್ತಾಗಲಿಲ್ಲ.

"ಶಾವಿಗಿ ತಿಂದೆಮ್ಮಿ ಮಲಗ್ಯಾಳ ಜೋ ಜೋ,
ಜ್ವಾಳ ಬೀಸಿದ ಕಲ್ಲು ಮಲಗೈತಿ ಜೋ ಜೋ,
ಹಾಡಿಲ್ಲದ ಬುಟ್ಟಿ ಮಲಗೈತಿ ಜೋ ಜೋ,
ನೀನೊಬ್ಬಾಕಿ ಯಾಕ ಎಚ್ಚರ, ಜೋ ಜೋ."

ಕೂಸು ಕಣ್ಣು ಮುಚ್ಚಿ, ತನ್ನದೇ ಕನಸು ಕಂಡು ನಕ್ಕಿತು. ಹೆಂಗಸರು ಒಬ್ಬರ ಹೆಗಲಿಗೊಬ್ಬರು ಒರಗಿ ತೂಕಡಿಸಿದರು. ಫಕೀರವ್ವ ಮಗನನ್ನು ಕರೆದು ಗಲ್ಲ ಸವರಿದಳು.

"ನನ್ನಪ್ಪಾ, ಬಂತಲ್ಲೋ ಹಾಡು! ಇನ್ನ ಇದು ಎಲ್ಲೂ ಹೋಗದಾಂಗ ನೋಡ್ಕೋ!"

"ಹೂಂ ಯವ್ವಾ, ಹಂಗ ಮಾಡ್ತೀನಿ."

ಹೋದ, ಬುಟ್ಟಿ ತಂದ, ತಾಯಿಯ ತಲೆಯ ಮೇಲೆ ಗಪ್ಪನೆ ಬೋರಲು ಹಾಕಿದ.

"ಏ ಅಡಿವ್ಯಾ! ತಗಿಯೋ!"

ಅಡಿವೆಪ್ಪ ತುದಿಗಾಲಲ್ಲಿ ಬಗ್ಗಿ, ಮೆಲ್ಲಗೆ, "ಮಲಗವ್ವ ಮಲಗ" ಅಂದ.

ಒಳಗೆ ನಗು ಉಕ್ಕಿತು. ನಗುತ್ತಲೇ ಅವಳು ಮತ್ತೊಂದು ನುಡಿ ಹಾಡಿದಳು, ಬುಟ್ಟಿಯ ಸಂದಿಸಂದಿಯಿಂದಲೂ ಜೋಗುಳ ಹೊರಗೆ ಬಂತು. "ಅಯ್ಯಯ್ಯೋ, ಸೋರಾಕ ಹತ್ತೈತಿ!" ಅಂತ ಅಡಿವೆಪ್ಪ ಬುಟ್ಟಿಗೆ ಮೆತ್ತಲು ಸಗಣಿ ತರಲಿಕ್ಕೆ ಓಡಿದ.